ಬಿಳಿ ತೆಂಗು

ಬೆಳ್ಳಗಿರುವುದೆಲ್ಲ ತೆಂಗಿನಮರ. ಗಾದೆ ಹೀಗಲ್ಲ, ಅದು ಹಾಲಿನ ಮಾತು ಎಂದು ಯಾರೂ ತಿದ್ದಲು ಬರಬೇಡಿ. ಅರವತ್ತಾರನೆಯ ಇಸವಿಯಲ್ಲಿ ಗುಬ್ಬಿಯ ಒಂದು ಹಿತ್ತಿಲಲ್ಲಿ ಹೀಗೇ ನಡೆಯಿತು, ಸುಳ್ಳಿಲ್ಲ.

ತುಮಕೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್ ಆಗಿದ್ದ ಸುಬ್ಬಕೃಷ್ಣನಿಗೆ ಕೇಡುಗಾಲಕ್ಕೆ ಒಂದು ಇನ್‌ಫ್ರಾರೆಡ್ ಫಿಲ್ಮು ಸಿಕ್ಕಿತ್ತು. ಕಣ್ಣಿಗೆ ಕಾಣದ ಕಿರಣ ಹಿಡಿಯುವ ಫಿಲ್ಮು. ಹಸಿರೆಲೆ ಹತ್ತಿಯಂತೆ ಬೆಳ್ಳಗೆ, ಆಕಾಶ ಬಾಣಲೆಯ ತಳದಂತೆ ಕರ್ರಗೆ ಬರುತ್ತದೆಂದು ಪುಸ್ತಕದಲ್ಲಿ ಓದಿದ್ದ. ಚೂರು ಬೆಳಕು ತಾಗಿದರೂ ಕೆಡುತ್ತದೆಂದು ಗುಬ್ಬಿಯ ಅಕ್ಕನ ಮನೆಯ ಉಗ್ರಾಣದಲ್ಲಿ ಕಂಬಳಿ ಹೊದ್ದು ಅದನ್ನು ಕ್ಯಾಮೆರಾಕ್ಕೆ ತುಂಬಿದ. ಭಾವ ಅನಂತರಾಮಯ್ಯ ಬಾಗಿಲಾಚೆಯಿಂದ, ಕಾವಿಗೆ ಕೂತಿದೀಯೇನಯ್ಯಾ ಎಂದು ವಿಚಾರಿಸಿದರು.

ಪಟ ಬೇಕೆಂದವಳು ಅಕ್ಕ ಕೌಸಲ್ಯಮ್ಮ. ಮದುವೆಯಾದಾಗಿನಿಂದ ಗಂಡ ಹೆಂಡತಿ ಒಟ್ಟಿಗೆ ನಿಂತದ್ದು ಒಂದೂ ಇರಲಿಲ್ಲ. ಈಗ ಅವಸರ ಏಕೆಂಬುದು ಅಕ್ಕ ತಮ್ಮ ಇಬ್ಬರಿಗೇ ಗೊತ್ತು. ಭಾವನ ಹೊಟ್ಟೆಯಲ್ಲಿರುವುದು ಕ್ಯಾನ್ಸರು, ದೀಪಾವಳಿ ಕಂಡರೆ ಹೆಚ್ಚು ಎಂದು ಡಾಕ್ಟರು ಸುಬ್ಬಕೃಷ್ಣನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ರೋಗಿಗೆ ಹೇಳಿದ್ದು ಬೇರೆ. ಆ ಬೇರೆಯದನ್ನು ಅವನು ಬಂದಾಗಲೆಲ್ಲ ಡಾಕ್ಟರ ಮೂಗುದನಿಯಲ್ಲೇ ಆಡಿ ತೋರಿಸುತ್ತಿದ್ದ: "ಏನೂ ಇಲ್ಲ ರಾಯರೇ, ಬರೀ ಅಜೀರ್ಣ." ಭಾವ ನಗುತ್ತಿದ್ದರು. ಆ ನಗುವಿಗಾಗಿಯೇ ಅವನು ವಾರವಾರವೂ ರೈಲು ಹತ್ತುತ್ತಿದ್ದ.

ಫಿಲ್ಮೂ ಆ ನಗುವಿಗಾಗಿಯೇ. ಮೊದಲು ದೆವ್ವದಂಥ ಪಟ ತೋರಿಸಿ ಭಾವನನ್ನು ಬೆಚ್ಚಿಬೀಳಿಸುವುದು. ಸರಿಯಾದದ್ದನ್ನು ಆಮೇಲೆ ತೆಗೆದರಾಯಿತು. ಅಕ್ಕನಿಗೆ ಇದನ್ನು ಹೇಳಲಿಲ್ಲ. ಅವಳು ಅರಗಿನ ಬಣ್ಣದ ಧಾರೆ ಸೀರೆ ಉಟ್ಟು, ದುಂಡಗೆ ಕುಂಕುಮ ಇಟ್ಟು, ಹಿತ್ತಿಲ ತೆಂಗಿನಮರಗಳ ಮುಂದೆ ಗಂಡನಿಂದ ಒಂದು ಮೊಳ ದೂರ ನಿಂತಳು. ನಾನೇನು ಕಚ್ತೀನೇನೇ ಎಂದು ಅವರು ಕೇಳಿದ ಮೇಲೆ ಅರ್ಧ ಮೊಳ ಸರಿದಳು.

ಮುಂದಿನ ಭಾನುವಾರ, ಊಟವಾದ ಮೇಲೆ, ಸುಬ್ಬಕೃಷ್ಣ ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು ಪಟ ಕೊಟ್ಟ.

"ಭಾವ, ಹಿಮಾಲಯಕ್ಕೆ ಹೋಗಿದ್ದು ನಮಗೆ ಹೇಳ್ಲೇ ಇಲ್ಲ ನೀವು."

ಮರಗಳು ಹಿಮ ಸುರಿದಂತೆ ಬೆಳ್ಳಗೆ ನಿಂತಿದ್ದವು. ಭಾವನ ಮುಖ ಮೇಣ, ಕಣ್ಣುಗಳು ಎರಡು ತೂತು. ಅನಂತರಾಮಯ್ಯನವರ ತುಟಿ ಅರಳಿತು. ಆಮೇಲೆ ಅವರ ಹೆಬ್ಬೆರಳು ಪಟದ ಮೇಲೆ ಪಕ್ಕಕ್ಕೆ ಸರಿದು, ಅಲ್ಲೇ ನಿಂತಿತು. ಸುಬ್ಬಕೃಷ್ಣ ಬಗ್ಗಿ ನೋಡಿದ. ಅಕ್ಕನ ಸೀರೆ ಬಿಳಿಚಿಕೊಂಡಿತ್ತು. ಹಣೆ ಬೋಳು. ಆ ಫಿಲ್ಮಿಗೆ ಕೆಂಪೂ ಬಿಳಿಯೇ ಎಂದು ಪುಸ್ತಕದಲ್ಲೇ ಇತ್ತು. ತೆಂಗಿನ ಗರಿಯ ಸಂಭ್ರಮದಲ್ಲಿ ಅವನಿಗೆ ಹೊಳೆದಿರಲಿಲ್ಲ. ಕಾಲೇಜಿನ ಕತ್ತಲೆಕೋಣೆಯಲ್ಲಿ ಪಟ ತೊಳೆಯುವಾಗ ಅದನ್ನು ಎಷ್ಟೋ ಹೊತ್ತು ದಿಟ್ಟಿಸಿದ್ದ. ಚಿಕ್ಕಂದಿನಿಂದ ನೋಡಿದ ಹಣೆ. ಅವನ ಕಣ್ಣೇ ಅಲ್ಲಿ ಕುಂಕುಮ ಇಟ್ಟುಬಿಟ್ಟಿತ್ತು.

"ಫಿಲ್ಮಿನ ದೋಷ, ಭಾವ. ಕೊಡಿ ಇಲ್ಲಿ."

ಅವರು ಕೊಡಲಿಲ್ಲ. "ದೋಷ ಏನಿಲ್ಲಪ್ಪ. ನೀವಿಬ್ರೂ ನನ್ನ ಹತ್ರ ಬಾಯಿ ಬಿಡದೆ ಇದ್ದದ್ದನ್ನ ಇದು ಹೇಳಿದೆ, ಅಷ್ಟೆ."

"ನಿಮಗೆ ಗೊತ್ತಿತ್ತಾ?" ಎಂದಳು ಕೌಸಲ್ಯಮ್ಮ.

ಅನಂತರಾಮಯ್ಯ ಎರಡು ಬೆರಳಲ್ಲಿ ಮೂಗು ಹಿಡಿದರು. "ಏನೂ ಇಲ್ಲ ರಾಯರೇ, ಬರೀ ಅಜೀರ್ಣ." ಡಾಕ್ಟರ ದನಿ ಸುಬ್ಬಕೃಷ್ಣನ ಬಾಯಲ್ಲಿ ಒಮ್ಮೆಯೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಹೇಳಿದವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಕೌಸಲ್ಯಮ್ಮ ಎದ್ದು ದೇವರ ಮನೆಗೆ ಹೋದಳು. ಕುಂಕುಮದ ಭರಣಿ ತಂದು, ಗಂಡನ ಕೈಯಲ್ಲಿದ್ದ ಪಟದ ಹಣೆಗೆ ಬೆರಳೊತ್ತಿದಳು. ನುಣುಪು ಕಾಗದ, ಕುಂಕುಮ ನಿಲ್ಲದೆ ಜಾರಿ ಅವರ ಬಿಳಿ ಪಂಚೆಯ ಮೇಲೆ ಉದುರಿತು. ಅವಳು ಮತ್ತೆ ಒತ್ತಿದಳು. ಮತ್ತೆ ಉದುರಿತು.

"ಬೆರಳು ಒದ್ದೆ ಮಾಡ್ಕೊಂಡು ಇಡೇ, ಹಿಡಿಯುತ್ತೆ" ಎಂದು ಅನಂತರಾಮಯ್ಯ, ಬೀದಿಗೆ ಕೇಳುವಷ್ಟು ಜೋರಾಗಿ, ಒಬ್ಬರೇ ನಕ್ಕರು.