ಹನ್ನೆರಡನೇ ಕುರ್ಚಿ

ಮಹಡಿಯ ಸಭೆಯ ಕೋಣೆಯ ಬಾಗಿಲಿಗೆ ಹಿತ್ತಾಳೆ ಬೀಗ ಜಡಿದಿದ್ದರು. ಅಂಗೈ ತೋರಿಸಿದರೆ ತೆರೆದುಕೊಳ್ಳುವ ಬಾಗಿಲಿಗೆ ಬೀಗ. ಅದೂ ಆ ಅಂಗೈ ಯಂತ್ರ ಕಂಡುಹಿಡಿದವನ ಸ್ವಂತ ಕಂಪನಿಯಲ್ಲೇ. ಅದನ್ನು ಕಂಡುಹಿಡಿದ ಎಂಜಿನಿಯರನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು.

ಪ್ರತಿ ಗುರುವಾರ ಬೆಳಿಗ್ಗೆ ಅಲ್ಲಿ ಹನ್ನೊಂದು ಜನ ಸೇರುತ್ತಿದ್ದರು. ದೇವರೆಂದರೆ ಹಲ್ಲು ಕಿಸಿಯುತ್ತಿದ್ದವರು ಈಗ ಪಾದ್ರಿಯೊಬ್ಬರನ್ನು ಕರೆಸಿಕೊಂಡು ಬೈಬಲಿನ ಲೋಕಾಂತ್ಯದ ಪಾಠ ಹೇಳಿಸಿಕೊಳ್ಳುತ್ತಿದ್ದರು. ಲೋಕ ಮುಗಿದರೆ ಮುಗಿಯಲಿ, ಎಂಜಿನಿಯರನಿಗೆ ಅದರ ಚಿಂತೆಯಿರಲಿಲ್ಲ. ಹದಿಮೂರು ವರ್ಷ ಒಂದೇ ಮೇಜು ಹಂಚಿಕೊಂಡ ಗೆಳೆಯ, ಕಂಪನಿಯ ಪಾಲುದಾರ, ಮೊನ್ನೆ ಮೊನ್ನೆ ಬಂದ ಜಾಹೀರಾತು ವಿಭಾಗದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವನನ್ನು ಮಾತ್ರ ಹೊರಗಿಟ್ಟಿದ್ದ. ಇವನಿಗೆ ಬೇಕಿದ್ದದ್ದು ಅಲ್ಲಿ ಒಂದೇ ಒಂದು ಕುರ್ಚಿ.

ಸಂಘ ಸೇರಿದವರ ಗತ್ತೇ ಬೇರೆಯಾಗಿತ್ತು. ಕ್ಯಾಂಟೀನ್ ಬಿಟ್ಟು ಎಲ್ಲರೂ ಮನೆಯಿಂದ ಬುತ್ತಿ ತರುತ್ತಿದ್ದರು. ಬಿಲ್ಲು ಕಟ್ಟಲು ಯಂತ್ರಕ್ಕೆ ಅಂಗೈ ಒಡ್ಡುವುದೂ ಅವರ ಘನತೆಗೆ ಕಡಿಮೆಯೇನೋ. ಇವನನ್ನು ಕಂಡರೆ ಮಾತು ನುಂಗಿಕೊಳ್ಳುತ್ತಿದ್ದರು.

ಹೋದ ವಾರ ಗೆಳೆಯ ತಾನಾಗಿಯೇ ಬಂದಿದ್ದ.

"ನಿನ್ನ ಯಂತ್ರಕ್ಕೆ ಕೈ ತೋರಿಸದೆ ಜನ ಏನಾದ್ರೂ ತಗೊಳ್ಳೋಕೆ, ಮಾರೋಕೆ ಆಗುತ್ತಾ?"

"ಇನ್ನೊಂದು ವರ್ಷದ ತನಕ ಆಗುತ್ತೆ. ಆಮೇಲೆ ಒಂದು ಬ್ರೆಡ್ಡೂ ಸಿಗಲ್ಲ."

"ಎಲ್ಲಾ ದೇಶದಲ್ಲೂ?"

"ಎಲ್ಲಾ ಕಡೆ. ಯಾಕೆ, ನನ್ನೂ ಸೇರಿಸ್ಕೋತೀರೇನೋ?"

"ಅಲ್ಲಿ ನಿನ್ನ ವಿಷಯಾನೇ ಮಾತಾಡ್ತಿದ್ದೀವಿ," ಎಂದ ಗೆಳೆಯ. ಅವನ ಮುಖ ಬಿಳುಚಿಕೊಂಡಿತ್ತು. ಎಂಜಿನಿಯರ್ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋದ.

ಆ ಮಾತು ಕೇಳಿದ ಮೇಲೆ ಎಂಜಿನಿಯರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಅಂಗಿ ಕೊಂಡ. ಪಾದ್ರಿ ಕೇಳಿದರೆ ಏನು ಹೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ಈ ಗುರುವಾರ ಬೆಳಗಿನಿಂದ ಕರೆಗಾಗಿ ಕಾದ. ಬರಲಿಲ್ಲ. ಹನ್ನೊಂದೂ ಜನ ಸಭೆ ಮುಗಿಸಿ, ಬೀಗ ಹಾಕಿ, ಬುತ್ತಿ ಹಿಡಿದು ಮಹಡಿ ಇಳಿದು ಹೋದರು. ಜಾಹೀರಾತಿನವಳು ಗೆಳೆಯನ ಹೆಗಲಿಗೆ ಹೆಗಲು ತಾಗಿಸಿ ನಡೆಯುತ್ತಿದ್ದಳು.

ಇನ್ನು ತಡೆಯಲಾಗಲಿಲ್ಲ. ಸ್ಕ್ರೂಡ್ರೈವರ್ ತಂದು, ಬೀಗದ ಕೊಂಡಿಯ ನಾಲ್ಕು ತಿರುಪು ಬಿಚ್ಚಿ ಒಳಗೆ ನುಗ್ಗಿದ.

ಹನ್ನೆರಡನೇ ಕುರ್ಚಿಗಾಗಿ ಕಣ್ಣಾಡಿಸಿದ. ಇರಲಿಲ್ಲ. ಇದ್ದ ಹನ್ನೊಂದೂ ಒಂದೇ ಗೋಡೆಗೆ ಮುಖ ಮಾಡಿದ್ದವು. ಆ ಗೋಡೆಯ ಮೇಲೆ, ಆಳೆತ್ತರಕ್ಕೆ, ಅವನದೇ ಫೋಟೋ. ಅವನ ಕಣ್ಣು ತುಂಬಿ ಬಂತು. ಇಷ್ಟು ದಿನ ಸುಮ್ಮನೆ ಹೊಟ್ಟೆ ಉರಿದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಹತ್ತಿರ ಹೋದ.

ಫೋಟೋದ ಕೆಳಗೆ ಗೆಳೆಯನ ಕೈಬರಹ: ‘ಎಲ್ಲರ ಕೈಗೂ ತನ್ನ ಗುರುತು ಹಾಕಿ, ಅದಿಲ್ಲದವರು ಕೊಳ್ಳದಂತೆ, ಮಾರದಂತೆ ಮಾಡಿ, ಲೋಕ ಮುಗಿಸಲು ಬರುವ ಕ್ರಿಸ್ತವಿರೋಧಿ ಇವನೇ. ಹನ್ನೊಂದಕ್ಕೆ ಹನ್ನೊಂದು ಮತ.’