ಇನ್‌ಸ್ಪೆಕ್ಟರರ ಉಸಿರು

"ಇಲ್ಲೂ ನೀವೇನಾ?" ಎಂದು ಡ್ರೈವರ್ ಬಾಗಿಲಲ್ಲೇ ನಿಂತುಬಿಟ್ಟ. ಕುಡಿತ ಬಿಡಲು ಹೆಣಗುವವರ ಸಭೆಗೆ ಅವನು ಬಂದದ್ದು ಅದೇ ಮೊದಲು. ದುಂಡಗೆ ಹಾಕಿದ ಕುರ್ಚಿಗಳ ಪೈಕಿ ಒಂದರಲ್ಲಿ ಅವನ ಡಿಪೋದ ಇನ್‌ಸ್ಪೆಕ್ಟರ್ ಕೂತಿದ್ದರು. ತುಂಬಿದ ಬಸ್ಸಿನೆದುರು ಕುಡಿದಿದ್ದಾನೋ ಎಂದು ನೋಡಲು ಅವನಿಂದ ಊದಿಸಿ, ಸೀಟಿನಿಂದ ಕೆಳಗಿಳಿಸಿದ್ದ ಮನುಷ್ಯ. ಆವತ್ತು ಪ್ರಯಾಣಿಕರು ಕಿಸಕ್ಕನೆ ನಕ್ಕಿದ್ದು ಅವನ ಕಿವಿಯಲ್ಲಿ ಇನ್ನೂ ಕೂತಿತ್ತು.

"ಬಾರಪ್ಪ, ಕೂತ್ಕೋ. ಇಲ್ಲಿ ಎಲ್ಲರೂ ಒಂದೇ," ಎಂದರು ಸಭೆ ನಡೆಸುವ ನರ್ಸಮ್ಮ.

ಅವನು ಕೂರಲಿಲ್ಲ. ನೆಟ್ಟಗೆ ಹೋಗಿ ಇನ್‌ಸ್ಪೆಕ್ಟರರ ಮುಖಕ್ಕೆ ಮುಖ ತಂದು, "ಊದಿ ಸಾರ್," ಎಂದ.

"ಏಯ್, ಜಾಸ್ತಿ ಆಯ್ತು ನಿಂದು."

"ಊದಿ ಅಂದೆ!"

ನರ್ಸಮ್ಮ ತಡೆಯಲು ಎದ್ದರು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ ಊದಿಯೇಬಿಟ್ಟರು. ಪೆಪ್ಪರ್‌ಮೆಂಟಿನ ಘಮದ ಅಡಿಯಿಂದ ಬ್ರಾಂದಿಯ ವಾಸನೆ ಗಪ್ಪೆಂದು ಬಡಿಯಿತು. "ಬರೋ ದಾರೀಲೇ ಹಾಕ್ಕೊಂಡೆ," ಎಂದು ತಲೆ ತಗ್ಗಿಸಿದರು.

ಕೂಡಿಟ್ಟ ಬೈಗುಳವೆಲ್ಲ ಡ್ರೈವರನ ನಾಲಿಗೆ ತುದಿಗೆ ಬಂತು. ಆದರೆ ಆ ವಾಸನೆಗೆ ಅವನದೇ ಬಾಯಲ್ಲಿ ನೀರೂರಿತ್ತು. ಅದನ್ನು ನುಂಗಿಕೊಂಡು, ಪಕ್ಕದ ಕುರ್ಚಿಯನ್ನು ದರದರನೆ ಎಳೆದು ಕುಕ್ಕರಿಸಿದ.

"ನಾಳೆ ನಿಮಗಿಂತ ಮುಂಚೆ ಬಂದಿರ್ತೀನಿ," ಎಂದ ಹಲ್ಲು ಕಚ್ಚಿ. "ಮೊದ್ಲು ನೀವು ಊದಿ. ಆಮೇಲೆ ನನ್ನೂ ಊದ್ಸಿ."