ತಾಮ್ರದ ಗುಂಡು

ದಂತ ಕೊಯ್ದೊಯ್ದಿದ್ದ ಸಲಗದ ಎದೆಯಿಂದ ನಾನು ಗುಂಡು ಹೊರತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನನ್ನ ಮಂಡಿ ನೋಯದಿರಲೆಂದು ಗಾರ್ಡ್ ಶಿವನಂಜು ಗೋಣಿಚೀಲ ಮಡಚಿ ಹಾಸಿದ್ದ. ಹನ್ನೊಂದು ವರ್ಷದಿಂದ ಕಾಡಿನಲ್ಲಿ ಯಾವ ಪ್ರಾಣಿ ಸತ್ತರೂ ನನಗೆ ಹಾಗೇ ಹಾಸಿಕೊಡುತ್ತಾನೆ. ಇದೇ ಸಲಗದ ಕಾಲು ಕೊಳೆತಾಗ ನಾವಿಬ್ಬರೂ ಸೇರಿ ಔಷಧಿ ಹಚ್ಚಿ ಉಳಿಸಿಕೊಂಡಿದ್ದೆವು.

ಅವನು ನನ್ನ ಕೈಗೆ ನೀರು ಹೊಯ್ಯುತ್ತಿದ್ದ.

“ನೋಡಪ್ಪ, ಇದು ಸೀಸವಲ್ಲ, ಇಡೀ ತಾಮ್ರ. ಸರಳನ್ನು ಲೇತಿನಲ್ಲಿ ಕಡೆದು ಮೂತಿಗೆ ತೂತು ಕೊರೆದಿದ್ದಾರೆ. ಒಳಗೆ ಹೋಗಿ ನಾಲ್ಕು ಎಸಳಾಗಿ ಅರಳಿದೆ, ಒಂದು ಚೂರೂ ಉದುರಿಲ್ಲ.”

“ಕೆಲಸ ಚೆನ್ನಾಗಿದೆಯಾ ಡಾಕ್ಟ್ರಮ್ಮ?”

“ಕೆಲಸ ಚೆನ್ನಾಗಿದೆ, ಬುದ್ಧಿ ಇಲ್ಲ. ಸೀಸವಾಗಿದ್ದರೆ ಪುಡಿಪುಡಿಯಾಗಿ ನಮಗೇನೂ ಸಿಗುತ್ತಿರಲಿಲ್ಲ. ಇದರ ಮೈಮೇಲೆ ಬಂದೂಕಿನ ನಳಿಗೆ ಎಳೆದ ಗೀರು ಹಾಗೇ ಉಳಿದಿದೆ. ಯಾವ ಬಂದೂಕು ಅಂತ ಲ್ಯಾಬಿನವರು ವಾರದಲ್ಲಿ ಹೇಳಿಬಿಡುತ್ತಾರೆ. ಪೆದ್ದ ಮುಂಡೇದು!”

“ಗೊತ್ತಾದ್ರೆ?”

“ಜೈಲು. ನಾನೇ ಹೋಗಿ ಸಾಕ್ಷಿ ಹೇಳುತ್ತೇನೆ. ನೀನೂ ಬರಬೇಕು.”

ನೀರು ನಿಂತಿತು. ನಾನು ತಲೆಯೆತ್ತಿದೆ. ಅವನು ಚೊಂಬು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ, ನಾನೇ ಏನೋ ಮೋಸ ಮಾಡಿದವಳ ಹಾಗೆ.

“ಗೀರಿನ ವಿಷಯ ನೀವು ತರಬೇತೀಲಿ ಹೇಳಲೇ ಇಲ್ವಲ್ಲ ಡಾಕ್ಟ್ರಮ್ಮ,” ಅಂದ. “ಹೆಣದಲ್ಲಿರೋ ಸೀಸದ ಚೂರು ತಿಂದ್ರೆ ರಣಹದ್ದು ಸಾಯ್ತವೆ ಅಂತಷ್ಟೇ ಹೇಳಿದ್ರಿ. ಅದಕ್ಕೇ ತಾಮ್ರದಲ್ಲಿ ಕಡೆದೆ.”